ದುಡ್ಡು ತಗೊಂಡು ಬುದ್ಧಿ ಹೇಳುವ ಕೆಲಸ

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಬೀದಿಯ ಹೆಂಗಸರು ಅಮ್ಮನನ್ನು ಕೇಳುತ್ತಿದ್ದರು: "ನಿಮ್ ಗಾಯತ್ರಿ ಅದೇನ್ ಕೆಲ್ಸ ಮಾಡ್ತಾಳಂತೆ?" ಅಮ್ಮನಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ. "ಅದೇನೋ, ದುಡ್ಡು ತಗೊಂಡು ಬುದ್ಧಿ ಹೇಳೋ ಕೆಲ್ಸವಂತೆ ಕಣಮ್ಮ" ಎಂದುಬಿಡುತ್ತಿದ್ದಳು. ಕೇಳಿದವರು ನಗುತ್ತಿದ್ದರು. ನಗದೆ ಏನು ಮಾಡುತ್ತಾರೆ? ಹುಣಸೂರಿನಲ್ಲಿ ಯಾವ ಅಂಗಡಿ ಜಗಲಿಯ ಮೇಲೆ ಕೂತರೂ ಬುದ್ಧಿಮಾತು ಪುಕ್ಕಟೆ ಸಿಗುತ್ತಿತ್ತು.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯರು ಮೊನ್ನೆ ಬಂದು, "ಟ್ರೈನಿಂಗಲ್ಲಿ ಹೇಳದೇ ಇರೋದನ್ನ ನೀವು ಹೇಳಿ ಮೇಡಂ" ಎಂದು ಪಟ್ಟು ಹಿಡಿದರು. ಬಾಯಲ್ಲಿ ಹೇಳಿದರೆ ಅರ್ಧ ಮರೆಯುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮಗು ಮಾತಾಡುವುದು ತಡವಾಗಿದೆ, ನಡೆಯುತ್ತಿಲ್ಲ, ಅಕ್ಷರ ಹತ್ತುತ್ತಿಲ್ಲ, ತರಗತಿಯಲ್ಲಿ ಕೂರುವುದೇ ಇಲ್ಲ ಎಂದಾಗ ತಂದೆತಾಯಿ ನಮ್ಮ ಹತ್ತಿರ ಬರುತ್ತಿದ್ದರು. ಮಗುವನ್ನು ನೋಡಿ, ಮನೆಯವರ ಮಾತು ಕೇಳಿ, ಯಾವ ತಪಾಸಣೆಗೆ ಮೈಸೂರಿಗೆ ಹೋಗಬೇಕು, ಮನೆಯಲ್ಲಿ ಏನು ಮಾಡಬೇಕು, ಶಾಲೆಯಲ್ಲಿ ಏನನ್ನು ಹಕ್ಕಿನಿಂದ ಕೇಳಬಹುದು ಎಂದು ನಾವು ತಿಳಿಸುತ್ತಿದ್ದೆವು. ಬೇಕೆಂದರೆ ಜೊತೆಗೆ ಶಾಲೆಗೂ ಹೋಗುತ್ತಿದ್ದೆವು. ಇದಕ್ಕೆ ಫೀಸು ಇತ್ತು. ಹುಣಸೂರಿನಲ್ಲಿ ಕಚೇರಿ, ವಾರಕ್ಕೊಂದು ದಿನ ಪಿರಿಯಾಪಟ್ಟಣ, ಒಂದು ದಿನ ಕೆ.ಆರ್. ನಗರ, ಒಂದು ದಿನ ಎಚ್.ಡಿ. ಕೋಟೆ. ಇಷ್ಟೇ ನನ್ನ ಪ್ರಪಂಚ. ಇದಕ್ಕಿಂತ ದೊಡ್ಡದು ನನಗೆ ಬೇಕೆನಿಸಲಿಲ್ಲ.

ಇದನ್ನು ಶುರು ಮಾಡಿದವರು ಲಲಿತಾ ಮೇಡಂ. ಮಾತು ಮತ್ತು ಶ್ರವಣದ ವಿಷಯ ಓದಿ ಮೈಸೂರಿನಲ್ಲಿ ಕೆಲಸ ಮಾಡುತ್ತಿದ್ದವರು. ನಮ್ಮ ತಾಲ್ಲೂಕುಗಳ ಜನ ಬೆಳಗಿನ ಮೊದಲ ಬಸ್ಸಿಗೆ ಮಕ್ಕಳನ್ನು ಹೊತ್ತು ಬಂದು, ಸಾಲಿನಲ್ಲಿ ನಿಂತು, ಒಳಗೆ ಹೇಳಿದ್ದು ಅರ್ಥವಾಗದೆ ವಾಪಸು ಹೋಗುವುದನ್ನು ನೋಡಿ ನೋಡಿ ಹುಣಸೂರಿಗೇ ಬಂದು ಕೂತರು. ಫೀಸು ಯಾಕೆ ಮೇಡಂ ಎಂದು ಒಮ್ಮೆ ಕೇಳಿದ್ದೆ. "ಪುಕ್ಕಟೆ ಕೊಟ್ಟರೆ ಜನ ಕೈ ಮುಗಿದು ಹೋಗ್ತಾರೆ ಗಾಯತ್ರಿ. ಫೀಸು ಕೊಟ್ಟವರು ತಿರುಗಿ ಪ್ರಶ್ನೆ ಕೇಳ್ತಾರೆ. ನನಗೆ ಕೇಳೋರು ಬೇಕು" ಎಂದರು. ಕೈಲಾಗದವರ ಹತ್ತಿರ ಅವರು ತೆಗೆದುಕೊಳ್ಳುತ್ತಿರಲಿಲ್ಲ, ಅದು ಬೇರೆ ಮಾತು.

ಮೇಡಂ ದೊಡ್ಡ ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದರು. ಯಾರೇ ಬಂದರೂ ಮೊದಲ ಲೋಟ ಮಗುವಿನ ಅಪ್ಪನಿಗೆ. "ಅಪ್ಪಂದಿರು ಬಾಗಿಲಲ್ಲೇ ನಿಂತಿರ್ತಾರೆ, ಕೈಗೆ ಲೋಟ ಕೊಟ್ಟರೆ ಕೂರ್ತಾರೆ" ಎನ್ನುತ್ತಿದ್ದರು. ಈ ಒಂದು ಉಪಾಯ ನನಗೆ ಓದಿದ ಪುಸ್ತಕಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಹುಡುಗಿಯರೇ, ಫ್ಲಾಸ್ಕ್ ಕಚೇರಿಯ ಬೀರುವಿನ ಮೇಲಿದೆ. ತೊಳೆದು ಬಳಸಿ.

ಕೆ.ಆರ್. ನಗರದಲ್ಲಿ ನಮಗೆ ಸ್ವಂತ ಕೋಣೆ ಇರಲಿಲ್ಲ. ಒಬ್ಬ ಟೈಲರ್ ತನ್ನ ಅಂಗಡಿಯ ಹಿಂಭಾಗ ಬಿಟ್ಟುಕೊಟ್ಟಿದ್ದ. ನಾನು ಒಬ್ಬಳೇ ಹೋದ ಮೊದಲ ವಾರ, ಬೆಂಚಿನ ಮೇಲೆ ಕೂತಿದ್ದ ವಯಸ್ಸಾದವರೊಬ್ಬರನ್ನು ಒಳಗೆ ಕರೆದು ಕೂರಿಸಿದೆ. ಮಗು ಹಟ ಮಾಡಿದಾಗ ಹೊಡೆಯಬಾರದು, ಮುಂದೆ ಏನಾಗುತ್ತದೆಂದು ಮೊದಲೇ ಚಿತ್ರ ತೋರಿಸಿ ಹೇಳಬೇಕು, ಗದ್ದಲದ ಜಾಗವಾದರೆ ಅಲ್ಲಿಂದ ಕರೆದುಕೊಂಡು ಹೋಗಬೇಕು ಎಂದು ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಅಡ್ಡ ಮಾತಾಡದೆ ಕೇಳಿದರು. ಕೊನೆಗೆ, "ಎಲ್ಲಾ ಸರಿ ಕಣವ್ವ. ಆದ್ರೆ ನಾನು ಜುಬ್ಬ ಹೊಲಿಸಕ್ಕೆ ಅಳತೆ ಕೊಡಕ್ ಬಂದಿದ್ದು" ಎಂದರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಅವರೇ ಸಮಾಧಾನ ಮಾಡಿದರು: "ನೀನ್ ಯೋಳಿದ್ದು ನನ್ ಮೊಮ್ಮಗಂಗೆ ಸರಿಯಾಗ್ ಒಪ್ತದೆ. ಇನ್ನೊಂದ್ ಕಿತ ಯೋಳು, ಸೊಸೆಗೆ ಯೋಳ್ತೀನಿ." ಅಂದಿನಿಂದ ಯಾರೇ ಬಂದರೂ ಮೊದಲು ಅವರನ್ನು ಮಾತಾಡಲು ಬಿಟ್ಟೆ.

ಅದೇ ಟೈಲರ್ ಅಂಗಡಿಗೆ ಮಿರ್ಲೆಯಿಂದ ಶಿವಮ್ಮ ಬಂದದ್ದು. ಕಂಕುಳಲ್ಲಿ ಮಗಳು ನಂದಿನಿ. ಇನ್ನೂ ಶಾಲೆಗೆ ಸೇರಿಸದ ವಯಸ್ಸು. ಹುಟ್ಟುವಾಗ ಉಸಿರು ಕಟ್ಟಿ, ಕೈಕಾಲು ಸೆಟೆದುಕೊಂಡಿದ್ದವು. ಶಿವಮ್ಮನ ಗಂಡ ಪುಟ್ಟರಾಜು ಟ್ರ್ಯಾಕ್ಟರ್ ಓಡಿಸುವವನು, ಬಾಗಿಲಲ್ಲೇ ನಿಂತಿದ್ದ. ಅವತ್ತು ಮೇಡಂ ಜೊತೆಗಿದ್ದರು. ಪುಟ್ಟರಾಜುವಿನ ಕೈಗೆ ಲೋಟ ಕೊಟ್ಟರು. ಅವನು ಒಳಗೆ ಬಂದು ಸ್ಟೂಲಿನ ತುದಿಯಲ್ಲಿ ಕೂತ.

"ಇವ್ಳು ಯಾವಾಗ ನಡೀತಾಳೆ, ಅದೊಂದ್ ಯೋಳ್ಬುಡಿ ಮೇಡಮ್ಮೋರೆ" ಎಂದಳು ಶಿವಮ್ಮ.

ಮೇಡಂ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ನಿನ್ನ ಹೆಸರೇನಮ್ಮ?" ಎಂದರು. ಶಿವಮ್ಮ "ನಂದಿನಿ ಅಂತ" ಎನ್ನಲು ಬಾಯಿ ತೆರೆದಳು. ಮೇಡಂ ಕೈ ಎತ್ತಿ ತಡೆದರು. ಮಗುವಿನ ಬಾಯಿ ಸೊಟ್ಟಗಾಯಿತು, ಕತ್ತು ವಾಲಿತು, ಜೊಲ್ಲು ಇಳಿಯಿತು. ಮುಂದೆ ಟೈಲರ್ ಹೊಲಿಗೆ ಯಂತ್ರ ಓಡಿಸುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ ಎರಡು ಸ್ವರ ಬಂದವು: "ನಂ... ನಿ."

"ನಮ್ಗೆ ಅರ್ಥ ಆಯ್ತದೆ, ಬ್ಯಾರೆಯವ್ರಿಗೆ ಆಗಕ್ಕಿಲ್ಲ" ಎಂದ ಪುಟ್ಟರಾಜು.

"ನನಗೆ ಆಯ್ತಲ್ಲಪ್ಪ" ಎಂದರು ಮೇಡಂ. ಆಮೇಲೆ ಶಿವಮ್ಮನ ಕಡೆ ತಿರುಗಿದರು. "ನಡೀತಾಳೆ ಅಂತ ನಾನು ಹೇಳಲಾರೆ ತಾಯಿ. ನಡೆಯದೇ ಇರಬಹುದು. ಆದರೆ ಇವಳ ತಲೆ ಚುರುಕಾಗಿದೆ. ಇವಳನ್ನ ಓದಿಸಿ."

ಶಿವಮ್ಮನ ಮುಖ ಕೆಂಪಾಯಿತು. "ದುಡ್ ಕೊಟ್ಟು ಇದ್ನಾ ಕೇಳಕ್ ಬಂದಿದ್ದು? ಪೂಜಾರಪ್ಪ ನಡೀತಾಳೆ ಅಂದವ್ನೆ, ಎಣ್ಣೆ ತಿಕ್ಕೋನೂ ನಡೀತಾಳೆ ಅಂದವ್ನೆ. ಇಷ್ಟೆಲ್ಲಾ ಓದ್ಕಂಡಿರೋ ನೀವು ಇಂಗಂತೀರಲ್ಲ!" ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಪುಟ್ಟರಾಜು ಟೀ ಅರ್ಧಕ್ಕೇ ಬಿಟ್ಟು ಹಿಂದೆ ಓಡಿದ.

"ಸ್ವಲ್ಪ ಮೆತ್ತಗೆ ಹೇಳಬಹುದಿತ್ತೇನೋ" ಎಂದೆ ನಾನು.

"ಎಷ್ಟು ಮೆತ್ತಗೆ ಹೇಳಿದರೂ ಮಾತು ಅದೇ ತಾನೆ. ಸುಳ್ಳು ಹೇಳಿ ಕಳಿಸಿದರೆ ಅವಳು ವರ್ಷಗಟ್ಟಲೆ ಮಗುವಿನ ಕಾಲನ್ನೇ ನೋಡ್ತಾ ಕೂರ್ತಾಳೆ. ಬಾಯನ್ನ ನೋಡೋದೇ ಇಲ್ಲ."

ಕೆಲವು ವಾರಗಳಾದ ಮೇಲೆ ಶಿವಮ್ಮ ಒಬ್ಬಳೇ ಮಗಳನ್ನು ಎತ್ತಿಕೊಂಡು ಬಂದಳು. ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ. "ಅವತ್ತು ಅವ್ಳ ಹೆಸರು ಕೇಳುದ್ರಲ್ಲ, ಆಮೇಕಿಂದ ಮನೆಗ್ ಬಂದವ್ರಿಗೆಲ್ಲ ಹೆಸರು ಯೋಳ್ತಾ ಅವ್ಳೆ. ಕೇಳ್ದೇ ಇರೋರ್ನೂ ಬುಡಕ್ಕಿಲ್ಲ. ಮುಂದ್ಕೇನ್ ಮಾಡನ, ಯೋಳಿ" ಎಂದಳು.

ಮುಂದೆ ಮಾಡಿದ್ದು ಶಾಲೆ. ಮಿರ್ಲೆಯ ಮೇಷ್ಟ್ರು ಒಳ್ಳೆಯವರು. ನಂದಿನಿಗೆ ಗೋಡೆಗೆ ಒರಗುವಂತೆ ಚಾಪೆ ಹಾಕಿಸಿದ್ದರು, ಮಿಠಾಯಿ ಹಂಚುವಾಗ ಮೊದಲು ಅವಳಿಗೇ ಕೊಡುತ್ತಿದ್ದರು. ಆದರೆ ಪ್ರಶ್ನೆ ಮಾತ್ರ ಕೇಳುತ್ತಿರಲಿಲ್ಲ. ನಾನು ಒಂದು ದಿನ ಪೂರ್ತಿ ತರಗತಿಯ ಹಿಂದೆ ಕೂತು ನೋಡಿದೆ. ಮೇಷ್ಟ್ರು ಲೆಕ್ಕ ಕೇಳಿದ ಕೂಡಲೇ ನಂದಿನಿಯ ಬಾಯಿ ಸಿದ್ಧವಾಗತೊಡಗುತ್ತಿತ್ತು. ಉತ್ತರ ನಾಲಿಗೆಗೆ ಬರುವಷ್ಟರಲ್ಲಿ ಉಳಿದವರು ಕೂಗಿ, ಮೇಷ್ಟ್ರು ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದರು. ಅವಳು ದಿನವಿಡೀ ಹಿಂದಿನ ಪ್ರಶ್ನೆಗೆ ಉತ್ತರ ಹೇಳುತ್ತಲೇ ಇದ್ದಳು. ಅದನ್ನು ಕೇಳಿಸಿಕೊಳ್ಳುವವರು ಇರಲಿಲ್ಲ.

"ಅವಳಿಗೋಸ್ಕರ ಸ್ವಲ್ಪ ಕಾಯಬೇಕು ಸರ್" ಎಂದೆ.

"ಒಂದೇ ರೂಮಲ್ಲಿ ಎರಡು ಕ್ಲಾಸು ನಡೆಸ್ತಿದೀನಿ ಮೇಡಂ. ಕಾಯ್ತಾ ಕೂರೋಕೆ ಆಗುತ್ತಾ?" ಎಂದರು. ಅವರು ಹೇಳಿದ್ದೂ ನಿಜವೇ.

"ಹಾಗಾದರೆ ಕಾಯಬೇಡಿ. ಅವಳಿಗೊಂದು ಪ್ರಶ್ನೆ ಕೊಟ್ಟು ಆ ಕ್ಲಾಸಿನ ಕಡೆ ಹೋಗಿ. ಅಲ್ಲಿ ಮುಗಿಸಿಕೊಂಡು ಬರುವಷ್ಟರಲ್ಲಿ ಇವಳ ಉತ್ತರ ರೆಡಿ ಇರುತ್ತೆ."

ಸ್ವಲ್ಪ ದಿನಕ್ಕೆ ಮೇಷ್ಟ್ರು ಫೋನ್ ಮಾಡಿದರು. ಧ್ವನಿಯಲ್ಲಿ ಏನೋ ಸಿಕ್ಕಿದ ಸಂಭ್ರಮ. "ಮೇಡಂ, ಈ ಹುಡುಗಿಗೆ ಮಗ್ಗಿ ಬರುತ್ತೆ! ಎಲ್ಲಿ ಕಲಿತಳು?"

"ನಿಮ್ಮ ಕ್ಲಾಸಲ್ಲೇ ಸರ್" ಎಂದೆ.

ಆ ಉತ್ತರವನ್ನು ನೆನೆದು ಈಗಲೂ ಒಬ್ಬಳೇ ನಗುತ್ತೇನೆ.

ನಂದಿನಿ ಅಕ್ಷರ ಕಲಿತ ಮೇಲೆ ನಾವು ಅವಳಿಗೊಂದು ಹಲಗೆ ಮಾಡಿಕೊಟ್ಟೆವು. ದಪ್ಪ ರಟ್ಟಿನ ಮೇಲೆ ಕಾಗುಣಿತದ ಅಕ್ಷರಗಳನ್ನು ದೊಡ್ಡದಾಗಿ ಬರೆದು, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದೆವು. ಮಾತು ಎದುರಿನವರಿಗೆ ತಿಳಿಯದಿದ್ದರೆ ಅವಳು ಅಕ್ಷರ ಮುಟ್ಟಿ ತೋರಿಸಬೇಕು. ಬೆರಳು ನಿಲ್ಲುತ್ತಿರಲಿಲ್ಲವಾದ್ದರಿಂದ ಮುಷ್ಟಿಯಿಂದಲೇ ತೋರಿಸುತ್ತಿದ್ದಳು. ಶಿವಮ್ಮ ಚಿಕ್ಕಂದಿನಲ್ಲೇ ಶಾಲೆ ಬಿಟ್ಟವಳು, ಅಕ್ಷರವೆಲ್ಲ ಮರೆತಿತ್ತು. ಮಗಳ ಮುಷ್ಟಿಯ ಹಿಂದೆ ಹೋಗಿ ಹೋಗಿ ಅವಳೂ ಓದಲು ಕಲಿತಳು. ಒಂದು ದಿನ ಬಸ್ಸಿನಿಂದ ಇಳಿದು ಬಂದವಳೇ, "ಬಸ್ಸಿನ್ ಬೋರ್ಡು ನಾನೇ ಓದ್ಕಂಡ್ ಬಸ್ ಅತ್ತುದೆ ಕಣಕ್ಕ. ಯಾರ್ನೂ ಕೇಳ್ನಿಲ್ಲ" ಎಂದಳು. ಆ ದಿನದಿಂದಲೇ ನಾನು ಅವಳಿಗೆ ಮೇಡಮ್ಮೋರು ಹೋಗಿ ಅಕ್ಕ ಆದದ್ದು.

ಲಲಿತಾ ಮೇಡಂ ಎಡವಿದ್ದೂ ಇದೆ. ಅದನ್ನು ಎಲ್ಲರಿಗೂ ಹೇಳು ಎಂದು ಅವರೇ ನನಗೆ ಹೇಳಿದ್ದರು. ಅಂತರಸಂತೆಯ ಹತ್ತಿರ, ಕಾಡಂಚಿನ ಗಿರಿಜನರ ಹಾಡಿಯಿಂದ ಕಾಳ ಎನ್ನುವವನು ತನ್ನ ಮಗ ಬೊಮ್ಮನನ್ನು ಎಚ್.ಡಿ. ಕೋಟೆಗೆ ಕರೆತಂದಿದ್ದ. ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ, ಬುದ್ಧಿ ಬೆಳೆದಿಲ್ಲ ಎಂದು ಶಾಲೆಯವರು ಹೇಳಿದ್ದರಂತೆ. ಮೇಡಂ ತಮ್ಮ ಚಿತ್ರದ ಕಾರ್ಡುಗಳನ್ನು ಹರಡಿ, ಅದು ತೋರಿಸು, ಇದು ತೋರಿಸು ಎಂದರು. ಬೊಮ್ಮ ಮಿಸುಕಲಿಲ್ಲ. ಬುದ್ಧಿ ಬೆಳವಣಿಗೆ ನಿಧಾನ ಎಂದು ಮೇಡಂ ಕೂಡ ಅಂದುಕೊಂಡರು, ಹಾಗೇ ಹೇಳಿಯೂಬಿಟ್ಟರು. ಕಾಳ ತಲೆಯಾಡಿಸಿದ. ಮೆಟ್ಟಿಲಿಳಿದು ಹೊರಗೆ ಹೋದ ಮೇಲೆ ಹುಡುಗ ಅಪ್ಪನ ಜೊತೆ ಪಟಪಟನೆ ಹರಟುವುದು ಕಿಟಕಿಯಲ್ಲಿ ನಮಗೆ ಕೇಳಿಸಿತು. ಮೇಡಂ ಹಾಗೇ ಎದ್ದು ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೆಳಗೆ ಓಡಿದರು.

"ಏನು ಹೇಳ್ತಿದಾನಪ್ಪ?"

"ಆ ಅಕ್ಕ ಆಟಕ್ಕೆ ಕೂತ್ಕಂಡು ಯಾಕೆ ನಗನೇ ಇಲ್ಲ ಅಂತ ಕೇಳ್ತಾವ್ನೆ ಅಮ್ಮಾ" ಎಂದ ಕಾಳ.

ಆಗ ವಿಚಾರಿಸಿದೆವು. ಕಾಳ ಮತ್ತು ಅವನ ಹೆಂಡತಿ ವರ್ಷದಲ್ಲಿ ಅರ್ಧ ಕಾಲ ವಯನಾಡಿನ ಕಡೆ ಶುಂಠಿ ಕೆಲಸಕ್ಕೆ ಹೋಗುತ್ತಾರೆ, ಹುಡುಗನೂ ಜೊತೆಗೆ. ಮನೆಯಲ್ಲಿ ಹಾಡಿಯ ಮಾತು, ಅಲ್ಲಿ ಮಲಯಾಳ, ಶಾಲೆಗೆ ಬಂದರೆ ಮೇಷ್ಟ್ರ ಕನ್ನಡ. ನಮ್ಮ ಕಾರ್ಡುಗಳಲ್ಲಿದ್ದದ್ದು ಫ್ರಿಜ್ಜು, ಹಡಗು, ಪಿಯಾನೊ. ಮುಂದಿನ ವಾರ ಮೇಡಂ ಹಾಡಿಗೇ ಹೋಗಿ ಜಗಲಿಯ ಮೇಲೆ ಕೂತರು. ಬೊಮ್ಮನ ಅಜ್ಜಿಯಿಂದ ಅವರ ಮಾತು ಕೇಳಿ ಕೇಳಿ, ಕೋಳಿ, ಕತ್ತಿ, ಚೀಲ, ಕೊಡ ಎಂದು ಸುತ್ತಲಿನ ವಸ್ತುಗಳನ್ನೇ ಮುಂದಿಟ್ಟು ಕೇಳಿದರು. ಹುಡುಗನಿಗೆ ಯಾವ ಕೊರತೆಯೂ ಇರಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಮೇಡಂ, "ನಾನು ಆ ಮಗುವಿಗೆ ಒಂದು ಹಣೆಪಟ್ಟಿ ಅಂಟಿಸಿ ಕಳಿಸಿಬಿಡ್ತಿದ್ದೆ ಗಾಯತ್ರಿ" ಎಂದರು. ಮಾರನೆಯ ದಿನವೇ ಕಾರ್ಡುಗಳನ್ನು ಬದಲಿಸಿದರು. ಶಾಲೆಯ ಮೇಷ್ಟ್ರ ಬಳಿಗೂ ತಾವೇ ಹೋಗಿ, ತಮ್ಮ ತೀರ್ಮಾನ ತಪ್ಪೆಂದು ಹೇಳಿ ಬಂದರು. ದೊಡ್ಡವರು ಹೀಗೆ ತಿದ್ದಿಕೊಳ್ಳುವುದನ್ನು ಹತ್ತಿರದಿಂದ ನೋಡುವ ಭಾಗ್ಯ ಎಲ್ಲ ಕೆಲಸದಲ್ಲಿ ಸಿಗುವುದಿಲ್ಲ.

ಆಮೇಲೆ ನಮ್ಮ ರೀತಿಯೇ ಬದಲಾಯಿತು. ಮಗುವನ್ನು ಕಚೇರಿಯಲ್ಲಷ್ಟೇ ನೋಡಿ ಹೇಳುವುದು ನಿಂತಿತು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ತಂದೆತಾಯಿ ಸೊಪ್ಪು ಹದಮಾಡುವ ಬ್ಯಾರನ್ ಮನೆ ಬಿಟ್ಟು ಬರಲಾರರು. ನಾವೇ ಹೋಗಿ ಬ್ಯಾರನ್ ಮುಂದಿನ ನೆರಳಲ್ಲಿ ಕೂತು, ಅವರ ಜೊತೆ ಸೊಪ್ಪು ಕಟ್ಟುತ್ತಾ ಮಾತಾಡುತ್ತಿದ್ದೆವು. ಕೈಗೆ ಕೆಲಸವಿದ್ದಾಗ ಗಂಡಸರು ಮನಸ್ಸಿನಲ್ಲಿರುವುದನ್ನು ಬಿಚ್ಚಿ ಹೇಳುತ್ತಾರೆ. ಎದುರು ಕುರ್ಚಿಯಲ್ಲಿ ಕೂರಿಸಿದರೆ ಹೇಳುವುದಿಲ್ಲ. ಈಗ ಮೊಬೈಲ್ ಬಂದು, ಮಗು ಊಟ ಮಾಡುವುದನ್ನು ತಾಯಿಯೇ ವಿಡಿಯೊ ಮಾಡಿ ಕಳಿಸುತ್ತಾಳೆ. ಒಳ್ಳೆಯದೇ. ಆದರೂ ಅಂಗಳಕ್ಕೆ ಹೋಗಿ ಕೂರುವುದನ್ನು ಬಿಡಬೇಡಿ.

ನಂದಿನಿ ಎಸ್ಸೆಸ್ಸೆಲ್ಸಿಗೆ ಬಂದಳು. ಕೈಯಲ್ಲಿ ಬರೆಯಲು ಆಗದವರಿಗೆ ಬರೆದುಕೊಡುವವರ ಸಹಾಯ ಸಿಗುತ್ತದೆ. ಅದಕ್ಕೆ ಅನುಮತಿ ಮಾಡಿಸಿದೆವು. ಅವಳ ಮಾತು ತಿಳಿಯುವ, ಕೆಳಗಿನ ತರಗತಿಯ ರಮ್ಯ ಬರೆಯಲು ಒಪ್ಪಿದಳು. ಮೊದಲ ದಿನ ನಾನೂ ಶಿವಮ್ಮನೂ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದೆವು. ಒಳಗೆ ನಡೆದದ್ದನ್ನು ಆಮೇಲೆ ನಂದಿನಿಯೇ ಹೇಳಿದಳು. ಪರೀಕ್ಷೆ ಶುರುವಾಗಿ ಸ್ವಲ್ಪ ಹೊತ್ತಿಗೆ ಮೇಲ್ವಿಚಾರಕರು ರಮ್ಯಳ ಕೈ ತಡೆದರಂತೆ.

"ಇವಳು ಹೇಳೋದು ಒಂದಕ್ಷರ ನನಗೆ ತಿಳೀತಿಲ್ಲ. ನೀನು ಇಷ್ಟು ಜೋರಾಗಿ ಬರೀತಿದೀಯ. ಯಾರ ಉತ್ತರ ಇದು?"

ರಮ್ಯ ಹೆದರಿ ಅಳತೊಡಗಿದಳು. ನಂದಿನಿ ತನ್ನ ಅಕ್ಷರದ ಹಲಗೆ ಬೇಕೆಂದು ಕೈ ಮಾಡಿದಳು. ಅದಕ್ಕೂ ಅನುಮತಿ ತೆಗೆದುಕೊಂಡಿದ್ದರಿಂದ ಹಲಗೆ ಮೇಜಿನ ಪಕ್ಕದಲ್ಲೇ ಇತ್ತು. ಒಂದೊಂದೇ ಅಕ್ಷರ ಮುಟ್ಟಿದಳು. ಮೇಲ್ವಿಚಾರಕರು ಬಗ್ಗಿ ಕೂಡಿಸಿಕೊಂಡು ಓದಿದರು: "ಪ್ರಶ್ನೆ ಕೇಳಿ. ಇದರಲ್ಲೇ ಹೇಳುವೆ." ಅವರು ಪತ್ರಿಕೆಯಿಂದ ಒಂದು ಪ್ರಶ್ನೆ ಆರಿಸಿದರು. ನಂದಿನಿ ಹಲಗೆಯ ಮೇಲೆ ಉತ್ತರ ಮುಟ್ಟಿದಳು. ರಮ್ಯ ಮೊದಲೇ ಬರೆದಿದ್ದೂ ಅದೇ ಉತ್ತರ. ಮೇಲ್ವಿಚಾರಕರು ರಮ್ಯಳಿಗೆ ನೀರು ತರಿಸಿಕೊಟ್ಟು, ಹಾಳಾದ ಹೊತ್ತನ್ನು ಕೊನೆಯಲ್ಲಿ ಸೇರಿಸಿಕೊಡುತ್ತೇನೆ ಎಂದರಂತೆ. ಹಾಗೇ ಕೊಟ್ಟರು ಕೂಡ.

ಫಲಿತಾಂಶದ ದಿನ ಪುಟ್ಟರಾಜು ಟ್ರ್ಯಾಕ್ಟರ್ ತಗೊಂಡೇ ಹುಣಸೂರಿಗೆ ಬಂದಿದ್ದ. ಮೊದಲ ದರ್ಜೆ. ಆ ಹೊತ್ತಿಗೆ ಲಲಿತಾ ಮೇಡಂ ಆರೋಗ್ಯ ಕೆಟ್ಟು ಮೈಸೂರಿನ ಮನೆಯಲ್ಲಿದ್ದರು, ಕಚೇರಿ ನನ್ನ ಕೈಗೆ ಬಂದಿತ್ತು. ಫೋನಿನಲ್ಲಿ ಸುದ್ದಿ ಹೇಳಿದಾಗ ಮೇಡಂ, "ಅವಳ ಅಪ್ಪನಿಗೆ ಟೀ ಕೊಟ್ಟೆಯಾ?" ಎಂದಷ್ಟೇ ಕೇಳಿದರು. ಅವರು ಅಳುತ್ತಿದ್ದರೆಂದು ಧ್ವನಿಯಲ್ಲೇ ಗೊತ್ತಾಯಿತು.

ಉಳಿದದ್ದು ಕಾಲೇಜು. ನಂದಿನಿಗೆ ಕಾಮರ್ಸ್ ಬೇಕಿತ್ತು. ನಾವು ಹೋದ ಕಾಲೇಜಿನಲ್ಲಿ ಕಾಮರ್ಸ್ ತರಗತಿ ಮಹಡಿಯ ಮೇಲೆ, ಲಿಫ್ಟ್ ಇಲ್ಲ. ಶಿವಮ್ಮ ಹಿಂದಿನ ದಿನ ಫೋನ್ ಮಾಡಿ, ನೀವೂ ಬನ್ನಿ ಅಕ್ಕ ಎಂದಿದ್ದಳು. ನಾನು ಹೇಳಬೇಕಾದ ಮಾತನ್ನೆಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಪ್ರಾಂಶುಪಾಲರಿಗೆ ನನ್ನ ಗುರುತಿರಲಿಲ್ಲ. ಆದರೂ ನನ್ನ ಕನ್ನಡಕ, ಇಸ್ತ್ರಿ ಸೀರೆ ನೋಡಿಯೋ ಏನೋ, ಮಾತೆಲ್ಲ ನನ್ನ ಕಡೆಗೇ ತಿರುಗಿಸಿದರು.

"ಆರ್ಟ್ಸ್ ತಗೊಂಡರೆ ಕೆಳಗೇ ಕ್ಲಾಸಿದೆ ಮೇಡಂ. ಮಗುವಿಗೂ ಸುಲಭ."

ನಾನು ಬಾಯಿ ತೆರೆದೆ. ಶಿವಮ್ಮ ನನ್ನ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟಳು. ನಾನು ಬಾಯಿ ಮುಚ್ಚಿದೆ.

"ಅವ್ಳಿಗ್ ಬೇಕಾಗಿರೋದು ಕಾಮರ್ಸು ಸಾ" ಎಂದಳು ಶಿವಮ್ಮ. "ನನ್ ಮಗಳ್ನ ದಿನಾ ಮ್ಯಾಕ್ಕೆ ಎತ್ಕಂಡ್ ಓಗಿ ಅಂತ ನಾನು ಕೇಳ್ತಿಲ್ಲ. ಆ ಒಂದ್ ಕ್ಲಾಸ್ನ ಕೆಳೀಕ್ ಇಳ್ಸಿ ಅಂತಿವ್ನಿ. ಇದು ದಯ ತೋರ್ಸಿ ಅಂತ ಕೇಳ್ತಿರದಲ್ಲ ಸಾ, ಕಾನೂನ್ನಲ್ಲೇ ಅದೆ."

"ಒಬ್ಬಳಿಗೋಸ್ಕರ ಇಷ್ಟು ಮಕ್ಕಳು ಕೆಳಗೆ ಬರಬೇಕಾ ತಾಯಿ?"

ಗಾಲಿ ಕುರ್ಚಿಯಲ್ಲಿದ್ದ ನಂದಿನಿಯ ಬಾಯಿ ಸಿದ್ಧವಾಗುತ್ತಿತ್ತು. ಪ್ರಾಂಶುಪಾಲರು ಇನ್ನೇನೋ ಹೇಳಹೊರಟರು. "ಒಸಿ ತಡೀರಿ ಸಾ, ಅವ್ಳು ಮಾತಾಡ್ತಾವ್ಳೆ" ಎಂದಳು ಶಿವಮ್ಮ. ನಂದಿನಿ ಹೇಳಿದಳು. ಅವರಿಗೆ ತಿಳಿಯಲಿಲ್ಲ. ತಾಯಿ ಬಿಡಿಸಿ ಹೇಳಲಿ ಎಂಬಂತೆ ಶಿವಮ್ಮನನ್ನು ನೋಡಿದರು. ಶಿವಮ್ಮ ಬಿಡಿಸಲಿಲ್ಲ. "ಇನ್ನೊಂದ್ ಕಿತ ಯೋಳು ಮಗ. ಸಾರು ಕೇಳುಸ್ಕತಾರೆ."

ಪ್ರಾಂಶುಪಾಲರು ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

"ಅವ್ರಿಗೆ... ಕಾಲಿದೆ... ಸರ್."

ಈ ಸಲ ತಿಳಿಯಿತು. ಬಾಗಿಲಲ್ಲಿ ನಿಂತಿದ್ದ ಜವಾನ ಮೊದಲು ನಕ್ಕ. ಆಮೇಲೆ ಪ್ರಾಂಶುಪಾಲರೂ ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡರು. ಕ್ಲಾಸನ್ನು ಕೆಳಗೆ ತರಿಸುತ್ತೇನೆ ಎಂದು ಒಪ್ಪಿದರು. ಅವರು ಮಾತಿಗೆ ತಪ್ಪುವವರಲ್ಲ. ಕಾಲೇಜು ಶುರುವಾಗುವಷ್ಟರಲ್ಲಿ ಕೆಳಗಿನ ಒಂದು ಕೋಣೆಯನ್ನು ಕಾಮರ್ಸ್‌ಗೆ ಬಿಡಿಸಿಕೊಟ್ಟು, ಬಾಗಿಲಿಗೆ ಇಳಿಜಾರು ಹಾಕಿಸಿದ್ದರು. ನಂದಿನಿ ಈಗ ಬಿ.ಕಾಂ. ಓದುತ್ತಿದ್ದಾಳೆ. ಶಿವಮ್ಮನಿಗೆ ಸುತ್ತಮುತ್ತಲ ಹಳ್ಳಿಗಳ ತಾಯಂದಿರ ಫೋನ್ ಬರುತ್ತದೆ. ಅವಳು ಅವರನ್ನು ಮೊದಲು ಕೇಳುವುದು, ಮಗುವಿನ ಹೆಸರನ್ನು ಮಗುವನ್ನೇ ಕೇಳಿದ್ದೀರಾ ಎಂದು.

ಆ ದಿನ ನಾವು ಹೊರಡಲು ಎದ್ದಾಗ ಪ್ರಾಂಶುಪಾಲರಿಗೆ ನನ್ನ ನೆನಪಾಯಿತು. ಅಷ್ಟು ಹೊತ್ತೂ ನಾನು ಒಂದು ಮಾತೂ ಆಡಿರಲಿಲ್ಲ.

"ಅಂದ ಹಾಗೆ, ಇವರು ಯಾರಮ್ಮ?"

ಶಿವಮ್ಮ ಗಾಲಿ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸುತ್ತಿದ್ದಳು. "ಇವ್ರಾ? ಸುಮ್ಕೆ ನಮ್ ಜೊತೇಲಿ ಬಂದವ್ರೆ ಸಾ" ಎಂದಳು.

ಅವರು ನನ್ನ ಮುಖ ನೋಡಿದರು. ಹೌದು ಎಂದು ನಾನು ತಲೆಯಾಡಿಸಿದೆ. ನನ್ನ ಇಡೀ ಸರ್ವಿಸ್ಸಿನಲ್ಲಿ ಅಷ್ಟು ಹೆಮ್ಮೆಯಿಂದ ಯಾವುದಕ್ಕೂ ಹೌದು ಎಂದಿರಲಿಲ್ಲ.